‘ಹೃದಯವೂ ಒಂದು ಗ್ರಂಥಿ’ ಲೇಖನದ ಬಗ್ಗೆ: ಇಲಿಯಿಂದ ಶುರುಮಾಡಿ

ನಮಸ್ಕಾರ.

ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಹಾಕಲಾಗದು. ನಿಮ್ಮ ಭಾಷೆ ಸಲೀಸಾಗಿದೆ, ವಿಷಯವೂ ಒಳ್ಳೆಯದು. ಎಡವಿರುವುದು ವಿಜ್ಞಾನದಲ್ಲಿ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. ಹೃದಯ ಪ್ರೀತಿಯ ತವರು ಎಂಬ ಪೀಠಿಕೆಗೆ ನೂರಕ್ಕೂ ಹೆಚ್ಚು ಪದ ಸುರಿದಿದ್ದೀರಿ; ಹೃದಯವೇ ಸ್ರವಿಸುವ ಹಾರ್ಮೋನು ಪತ್ತೆಯಾದ ಪ್ರಯೋಗಕ್ಕೆ ಸಿಕ್ಕಿದ್ದು ಒಂದೇ ಸಾಲು. ಲೇಖನದ ಜೀವ ಇರುವುದೇ ಅಲ್ಲಿ. 1981ರಲ್ಲಿ ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಇಲಿಯ ಹೃತ್ಕರ್ಣದಿಂದ (ಹೃದಯದ ಮೇಲಿನ ಕೋಣೆ) ಸಾರ ತೆಗೆದು ಬೇರೆ ಇಲಿಗಳ ರಕ್ತನಾಳಕ್ಕೆ ಕೊಟ್ಟರು. ಮೂತ್ರದ ಪ್ರಮಾಣ ಸುಮಾರು 10 ಪಟ್ಟು ಏರಿತು, ಮೂತ್ರದಲ್ಲಿ ಹೋದ ಸೋಡಿಯಂ 30 ಪಟ್ಟಿಗೂ ಹೆಚ್ಚಾಯಿತು, ರಕ್ತದೊತ್ತಡ ಇಳಿಯಿತು. ಅದೇ ಹೃದಯದ ಹೃತ್ಕುಕ್ಷಿಯಿಂದ (ಕೆಳಗಿನ ಕೋಣೆ) ತೆಗೆದ ಸಾರ ಏನೂ ಮಾಡಲಿಲ್ಲ. ಈ ಕೊನೆಯ ವಾಕ್ಯವನ್ನು ಬಿಡಬೇಡಿ. ಅದಿಲ್ಲದಿದ್ದರೆ ಯಾವ ಮಾಂಸವನ್ನು ಅರೆದು ಚುಚ್ಚಿದರೂ ಹೀಗೇ ಆಗುತ್ತಿತ್ತೇನೋ ಎಂದು ಓದುಗ ಕೇಳಿಯಾನು.

10 ಮತ್ತು 30, ಈ ಎರಡು ಅಂಕಿಗಳೇ ನಿಮ್ಮ ಇನ್ನೊಂದು ತಪ್ಪನ್ನೂ ತಿದ್ದುತ್ತವೆ. ‘ಹಾರ್ಮೋನು ಹೆಚ್ಚುವರಿ ನೀರನ್ನು ಹೊರದೂಡುತ್ತದೆ’ ಎಂದು ಬರೆದಿದ್ದೀರಿ. ಅದು ಮುಖ್ಯವಾಗಿ ಹೊರಹಾಕಿಸುವುದು ಸೋಡಿಯಂ. ನೀರು ಅದರ ಬೆನ್ನಿಗೆ ಹೋಗುತ್ತದೆ. ಹೆಸರಿನಲ್ಲೇ ಇದೆಯಲ್ಲ: ಏಟ್ರಿಯಲ್ ನ್ಯಾಟ್ರಿಯುರೆಟಿಕ್ ಪೆಪ್ಟೈಡ್, ಅಂದರೆ ಹೃತ್ಕರ್ಣದಿಂದ ಬರುವ, ಮೂತ್ರಕ್ಕೆ ಸೋಡಿಯಂ ಇಳಿಸುವ ಪೆಪ್ಟೈಡ್ (ಅಮೈನೊ ಆಮ್ಲಗಳ ಕಿರುಸರಪಳಿ). ಒಮ್ಮೆ ಬಿಡಿಸಿ ಹೇಳಿ, ಮುಂದೆ ಎಎನ್‌ಪಿ ಎಂದರೆ ಸಾಕು.

ಇನ್ನು ದೊಡ್ಡ ತಪ್ಪು. ‘ರಕ್ತದೊತ್ತಡ ಏರಿದ್ದನ್ನು ಅರಿತು ಹೃದಯ ಎಎನ್‌ಪಿ ಬಿಡುತ್ತದೆ’ ಎನ್ನುತ್ತೀರಿ. ನಾವು ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಬಿಪಿ ಹೃತ್ಕರ್ಣಕ್ಕೆ ನೇರವಾಗಿ ಗೊತ್ತಾಗುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಗೋಡೆ ಎಷ್ಟು ಹಿಗ್ಗಿದೆ ಎಂಬುದು. ಕುತ್ತಿಗೆವರೆಗೆ ನೀರಿನಲ್ಲಿ ನಿಂತವರಿಗೆ ಮೂತ್ರ ಒತ್ತರಿಸಿ ಬರುತ್ತದೆ: ನೀರಿನ ಒತ್ತಡಕ್ಕೆ ಕಾಲಿನ ರಕ್ತ ಎದೆಗೆ ಸರಿಯುತ್ತದೆ, ಹೃತ್ಕರ್ಣ ಹಿಗ್ಗುತ್ತದೆ. ಇನ್ನೂ ಗಟ್ಟಿ ಉದಾಹರಣೆ ಬೇಕಾದರೆ, ಎದೆಬಡಿತ ಥಟ್ಟನೆ ನಿಮಿಷಕ್ಕೆ 180ರ ಆಸುಪಾಸಿಗೆ ಹಾರುವ ಎಸ್‌ವಿಟಿ ಎಂಬ ಲಯದೋಷದ ರೋಗಿಯನ್ನು ನೋಡಿ. ಆಗ ಬಿಪಿ ಇಳಿದಿರುವುದೂ ಉಂಟು. ಆದರೂ ಕೆಲವರಿಗೆ ತಿಳಿನೀರಿನಂಥ ಮೂತ್ರ ಧಾರಾಳವಾಗಿ ಹೋಗುತ್ತದೆ, ಏಕೆಂದರೆ ಕವಾಟ ಮುಚ್ಚಿರುವಾಗಲೇ ಸಂಕುಚಿಸಿದ ಹೃತ್ಕರ್ಣದೊಳಗೆ ಒತ್ತಡ ಏರಿರುತ್ತದೆ. ನಿಮ್ಮ ವಾಕ್ಯ ಸರಿಯಾಗಿದ್ದರೆ ಇದು ಆಗಲೇಬಾರದಿತ್ತು.

ಕಿಡ್ನಿಯ ಭಾಗ ಪರವಾಗಿಲ್ಲ, ಕ್ರಮ ಮಾತ್ರ ಸರಿಮಾಡಿ. ಸೋಸುವ ಗಂಟಿಗೆ ರಕ್ತ ತರುವ ಕಿರುನಾಳ ಅಗಲವಾಗುತ್ತದೆ, ಹೊರಗೊಯ್ಯುವುದು ಬಿಗಿಯಾಗುತ್ತದೆ, ಸೋಸಿಕೆ ಏರುತ್ತದೆ. ಮುಂದೆ ಸಂಗ್ರಾಹಕ ನಾಳದಲ್ಲಿ ಸೋಡಿಯಂ ಮರಳಿ ಹೀರಿಕೆಯಾಗುವುದು ತಗ್ಗುತ್ತದೆ. ಜೊತೆಗೆ ದೇಹದಲ್ಲಿ ಉಪ್ಪು ಉಳಿಯುವಂತೆ ಮಾಡುವ ರೆನಿನ್, ಆಲ್ಡೊಸ್ಟೆರೋನ್ ಎರಡಕ್ಕೂ ಕಡಿವಾಣ ಬೀಳುತ್ತದೆ. ನೀವು ಆಲ್ಡೊಸ್ಟೆರೋನ್‌ನಿಂದ ಶುರುಮಾಡಿದ್ದರಿಂದ ಎಎನ್‌ಪಿಗೆ ಸ್ವಂತ ಕೆಲಸವೇ ಇಲ್ಲವೇನೋ ಎನ್ನಿಸುತ್ತದೆ.

ಎಎನ್‌ಪಿ, ಅದರ ಸಂಬಂಧಿ ಹಾರ್ಮೋನಾದ ಬಿಎನ್‌ಪಿ ಎರಡನ್ನೂ ಒಂದೇ ಎಂಬಂತೆ ಬಳಸಿದ್ದೀರಿ. ಮೊದಲನೆಯದರಲ್ಲಿ 28 ಅಮೈನೊ ಆಮ್ಲ, ಎರಡನೆಯದರಲ್ಲಿ 32. ಮೊದಲನೆಯದು ಹೆಚ್ಚಾಗಿ ಹೃತ್ಕರ್ಣದ್ದು, ಎರಡನೆಯದು ಹೆಚ್ಚಾಗಿ ಹೃತ್ಕುಕ್ಷಿಯದು. 1988ರಲ್ಲಿ ಹಂದಿಯ ಮಿದುಳಿನಲ್ಲಿ ಮೊದಲು ಸಿಕ್ಕಿದ್ದರಿಂದ ಬಿಎನ್‌ಪಿಗೆ ‘ಬ್ರೇನ್’ ಎಂಬ ಹೆಸರು ಅಂಟಿಕೊಂಡಿತು, ಅಷ್ಟೆ. ಎಎನ್‌ಪಿ ರಕ್ತದಲ್ಲಿ ಕೆಲವೇ ನಿಮಿಷ ಉಳಿಯುತ್ತದೆ, ಬಿಎನ್‌ಪಿಯ ಅರ್ಧಾಯು (ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 20 ನಿಮಿಷ. ಲ್ಯಾಬಿನಲ್ಲಿ ಅಳೆಯಲು ಬಿಎನ್‌ಪಿ ಒಗ್ಗಿದ್ದಕ್ಕೆ ಇದೂ ಒಂದು ಕಾರಣ.

‘ಬಿಎನ್‌ಪಿ ಹೆಚ್ಚಿದ್ದಷ್ಟೂ ಹೃದಯಕ್ಕೆ ರಕ್ಷಣೆ’ ಎಂಬ ವಾಕ್ಯ ಅಪಾಯಕಾರಿ. ಇದನ್ನು ಓದಿ ರೋಗಿಯೊಬ್ಬ ತನ್ನ ವರದಿ ನೋಡಿ ನೆಮ್ಮದಿಯಾಗಬಹುದು. ಅಣೆಕಟ್ಟಿನ ಗೇಟುಗಳೆಲ್ಲ ತೆರೆದಿವೆ ಎಂದರೆ ಒಳಹರಿವು ವಿಪರೀತ ಎಂದರ್ಥ, ಊರು ಸುರಕ್ಷಿತ ಎಂದಲ್ಲ. ಹೃದಯ ವೈಫಲ್ಯದಲ್ಲಿ ಹಾರ್ಮೋನು ಏರಿದ್ದರೂ ಕಾಲು ಊದುತ್ತದೆ, ಏಕೆಂದರೆ ಉಪ್ಪು ಹಿಡಿದಿಡುವ ರೆನಿನ್–ಆಲ್ಡೊಸ್ಟೆರೋನ್ ಪಾಳಯ ಮೇಲುಗೈ ಸಾಧಿಸಿರುತ್ತದೆ, ಕಿಡ್ನಿಯೂ ಎಎನ್‌ಪಿಗೆ ಮೊದಲಿನಂತೆ ಓಗೊಡುವುದಿಲ್ಲ. ಹಾಗೆಯೇ ಬಿಎನ್‌ಪಿ ಪರೀಕ್ಷೆಯ ಗಡಿ ‘100 ಮಿಲಿಗ್ರಾಂ’ ಎಂಬುದನ್ನು ಮಿಲಿಲೀಟರಿಗೆ 100 ಪಿಕೊಗ್ರಾಂ ಎಂದು ತಿದ್ದಿ. ವ್ಯತ್ಯಾಸ ನೂರು ಕೋಟಿ ಪಟ್ಟು! ಏದುಸಿರಿನಿಂದ ಬಂದವರಲ್ಲಿ ಬಿಎನ್‌ಪಿ ಅದಕ್ಕಿಂತ ಕಡಿಮೆಯಿದ್ದರೆ ಹೃದಯ ವೈಫಲ್ಯದ ಸಾಧ್ಯತೆ ಕಡಿಮೆ. ಆದರೆ ಸ್ಥೂಲಕಾಯರಲ್ಲಿ ಅಂಕಿ ಕೆಳಗಿರುತ್ತದೆ. ವಯಸ್ಸಾದವರಲ್ಲಿ, ಕಿಡ್ನಿ ಕೆಟ್ಟವರಲ್ಲಿ ಮೇಲಿರುತ್ತದೆ. ಇದನ್ನೂ ಸೇರಿಸಿ.

ಹೃದಯ ವೈಫಲ್ಯದ ಔಷಧ ಸಾಕ್ಯುಬಿಟ್ರಿಲ್ ಬಗ್ಗೆ ಬರೆದದ್ದು ಸರಿಯಿದೆ, ಅರ್ಧ ಮಾತ್ರ. ಈ ಹಾರ್ಮೋನುಗಳನ್ನು ಒಡೆಯುವ ನೆಪ್ರಿಲೈಸಿನ್ ಎಂಬ ಕಿಣ್ವವನ್ನು ಅದು ತಡೆಯುತ್ತದೆ. ಅದೇ ಕಿಣ್ವ ರಕ್ತನಾಳ ಬಿಗಿಯುವ ಆಂಜಿಯೊಟೆನ್ಸಿನ್ ಅನ್ನೂ ಒಡೆಯುವುದರಿಂದ, ಅದರ ಪರಿಣಾಮ ತಡೆಯುವ ವಾಲ್ಸಾರ್ಟನ್ ಜೊತೆಗಿರಬೇಕು. ಆ ಮಾತ್ರೆ ನುಂಗುವವರಲ್ಲಿ ಬಿಎನ್‌ಪಿ ಏರಿ ದಾರಿ ತಪ್ಪಿಸಬಹುದು; ಬಿಎನ್‌ಪಿ ತಯಾರಾಗುವಾಗ ಕತ್ತರಿಸಿಹೋಗುವ ತುಣುಕಾದ ಎನ್‌ಟಿ-ಪ್ರೊಬಿಎನ್‌ಪಿಯನ್ನು ಆ ಕಿಣ್ವ ಮುಟ್ಟುವುದಿಲ್ಲ, ಹಾಗಾಗಿ ಅದನ್ನು ನೋಡುವುದು ಮೇಲು.

‘ಎಎನ್‌ಪಿ ಹೆಚ್ಚಿಸುವ ಆಹಾರಗಳು’ ಎಂಬ ಕೊನೆಯ ಪ್ಯಾರಾಕ್ಕೆ ಆಧಾರವಿಲ್ಲ, ಪೂರ್ತಿ ಹೊಡೆದುಹಾಕಿ. 900 ಪದದೊಳಗೆ ಮತ್ತೆ ಬರೆದು ಕಳಿಸಿ. ನಾಲ್ಕು ಚಿತ್ರ ಬೇಡ, ಹೃತ್ಕರ್ಣದಿಂದ ಕಿಡ್ನಿಗೆ ಬಾಣ ತೋರಿಸುವ ಒಂದು ರೇಖಾಚಿತ್ರ ಸಾಕು. ಬಾಣದ ಬುಡದಲ್ಲಿ ‘ಬಿಪಿ’ ಎಂದಲ್ಲ, ‘ಹಿಗ್ಗುವಿಕೆ’ ಎಂದು ಬರೆಯಿರಿ.