30×40 ನಿವೇಶನದ ಹಳೆಯ ಮನೆಯ ಮೇಲೆ ಇನ್ನೊಂದು ಮಹಡಿ: ಯಾವ ಕೆಲಸಕ್ಕೆ ಅನುಮತಿ ಬೇಕು?

ಬೆಂಗಳೂರಿನಲ್ಲಿ 30×40 ಅಡಿ ನಿವೇಶನದಲ್ಲಿರುವ, ನೆಲಮಹಡಿ ಮತ್ತು ಮೊದಲ ಮಹಡಿಯ ಹಳೆಯ ಮನೆಗೆ ಹೊಸ ಟೈಲ್ಸ್ ಹಾಕಿಸಿ, ಅಡುಗೆಮನೆಗೂ ಊಟದ ಕೋಣೆಗೂ ನಡುವಿನ ಗೋಡೆ ತೆಗೆಸಿ, ಮೇಲೆ ಬಾಡಿಗೆಗೆಂದು ಎರಡನೇ ಮಹಡಿ ಕಟ್ಟಿಸಬೇಕೆಂದಿದ್ದೀರಿ. ಸ್ವಂತ ಮನೆಯ ಕೆಲಸಕ್ಕೆ ಯಾರ ಅನುಮತಿಯೂ ಬೇಡ ಎಂದು ಮೇಸ್ತ್ರಿ ಹೇಳಿದ್ದು ನಿಜವೇ ಎಂದು ಕೇಳಿದ್ದೀರಿ. ಮನೆಗಳ ನಕ್ಷೆ ತಯಾರಿಸುವುದು ನನ್ನ ವೃತ್ತಿ. ಮೊದಲನೆಯ ಕೆಲಸಕ್ಕೆ ಮೇಸ್ತ್ರಿಯ ಮಾತು ಸರಿ, ಎರಡನೆಯದಕ್ಕೆ ಅರ್ಧ ಸರಿ, ಮೂರನೆಯದಕ್ಕೆ ಪೂರ್ತಿ ತಪ್ಪು.

ಪಾಲಿಕೆಯ 2003ರ ಕಟ್ಟಡ ಉಪವಿಧಿಗಳಲ್ಲಿಯೇ ಪರವಾನಗಿ ಬೇಡದ ಕೆಲಸಗಳನ್ನು ಹೆಸರಿಸಲಾಗಿದೆ. ಸುಣ್ಣ ಬಣ್ಣ, ಗಾರೆ ಮತ್ತು ತೇಪೆ ಕೆಲಸ, ನೆಲಹಾಸು ಬದಲಿಸುವುದು, ಹೆಂಚು ಬದಲಿಸುವುದು, ಒಳಗೆ ಅಡ್ಡಗೋಡೆ ಹಾಕುವುದು, ಕೋಣೆಯಿಂದ ಕೋಣೆಗೆ ಬಾಗಿಲಿಡುವುದು, ಪಕ್ಕದವರ ಜಾಗದ ಕಡೆಗೆ ತೆರೆಯದ ಕಿಟಕಿ ಬಾಗಿಲುಗಳನ್ನು ಇಡುವುದು ಅಥವಾ ಮುಚ್ಚುವುದು, ಸ್ವಂತ ಜಾಗದೊಳಗೆ ಸಜ್ಜಾ ಕಟ್ಟುವುದು, ಇವೆಲ್ಲ ಆ ಪಟ್ಟಿಯಲ್ಲಿವೆ. ಆದರೆ ಈ ವಿನಾಯಿತಿ ಕಟ್ಟಡದ ಭದ್ರತೆಗೆ ಧಕ್ಕೆಯಾಗದಿದ್ದರೆ ಮಾತ್ರ ಎಂಬ ಷರತ್ತೂ ಅಲ್ಲಿಯೇ ಇದೆ.

ಅಡುಗೆಮನೆಯ ಗೋಡೆಯ ಪ್ರಶ್ನೆ ಈ ಷರತ್ತಿನಿಂದಲೇ ಹುಟ್ಟುತ್ತದೆ. ಅದು ನಾಲ್ಕೂವರೆ ಇಂಚಿನ ಬರಿಯ ಅಡ್ಡಗೋಡೆಯಾಗಿದ್ದು, ಮನೆ ಪಿಲ್ಲರ್ ಮತ್ತು ಬೀಮ್‌ಗಳ ಮೇಲೆ ನಿಂತಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಪಿಲ್ಲರ್‌ಗಳೇ ಇಲ್ಲದೆ ಗೋಡೆಗಳ ಮೇಲೆಯೇ ಛಾವಣಿ ಹಾಕಿದ ಮನೆಯಾಗಿದ್ದರೆ, ಆ ಒಂಬತ್ತು ಇಂಚಿನ ಗೋಡೆ ಮೊದಲ ಮಹಡಿಯನ್ನು ಹೊತ್ತಿರುವ ಸಾಧ್ಯತೆ ಹೆಚ್ಚು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಿ, ಗೋಡೆಯ ಬದಲು ಎಂಥ ಬೀಮ್ ಕೊಡಬೇಕೆಂದು ಬರೆದುಕೊಟ್ಟ ಮೇಲೆಯೇ ಅದಕ್ಕೆ ಸುತ್ತಿಗೆ ತಗಲಲಿ. ಇದೇ ಭೇಟಿಯಲ್ಲಿ ಪಾಯವನ್ನೂ ಒಂದು ಕಡೆ ಅಗೆಸಿ ತೋರಿಸಿರಿ, ಏಕೆಂದರೆ ಎರಡು ಮಹಡಿಗೆಂದು ಹಾಕಿದ ಪಾಯ ಮೂರನೆಯದನ್ನು ಹೊರುತ್ತದೆಯೇ ಎಂಬುದನ್ನು ಯಾವ ಪಾಲಿಕೆಯ ಮಂಜೂರಾತಿಯೂ ನಿಮಗೆ ಹೇಳುವುದಿಲ್ಲ.

ಎರಡನೇ ಮಹಡಿಯ ವಿಷಯದಲ್ಲಿ ಮೊದಲು ಬೇಕಾದದ್ದು ಒಂದು ಕೂಡಿಸಿ ಕಳೆಯುವ ಲೆಕ್ಕ, ಅರ್ಜಿ ಆಮೇಲೆ. ಮಾಸ್ಟರ್ ಪ್ಲಾನ್ 2015ರ ವಲಯ ನಿಯಮಗಳ ಪ್ರಕಾರ, 360 ಚದರ ಮೀಟರ್‌ವರೆಗಿನ ವಸತಿ ನಿವೇಶನದಲ್ಲಿ ನೆಲದ ಮೇಲೆ ಶೇ 75ರಷ್ಟು ಜಾಗವನ್ನು ಮಾತ್ರ ಕಟ್ಟಡ ಆವರಿಸಬಹುದು, ಮತ್ತು ನೆಲ ವಿಸ್ತೀರ್ಣ ಅನುಪಾತ, ಅಂದರೆ ಎಲ್ಲರೂ ಎಫ್‌ಎಆರ್ ಎಂದು ಕರೆಯುವುದು, 1.75; ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ 1.75 ಪಟ್ಟು ಮೀರಬಾರದು ಎಂದರ್ಥ. ನಿಮ್ಮ ನಿವೇಶನ 1,200 ಚದರ ಅಡಿ. ಹಾಗಾಗಿ ಒಂದೊಂದು ಮಹಡಿ ಹೆಚ್ಚೆಂದರೆ 900 ಚದರ ಅಡಿ, ಎಲ್ಲ ಮಹಡಿಗಳೂ ಸೇರಿ 2,100 ಚದರ ಅಡಿ. ಈಗಿನ ಎರಡು ಮಹಡಿಗಳು 900ರಂತೆಯೇ ಇದ್ದರೆ 1,800 ಮುಗಿದಿದೆ. ನಿಮ್ಮ ಪಾಲಿಗೆ ಉಳಿದಿರುವುದು 300 ಚದರ ಅಡಿ. ಅದರಲ್ಲಿ ಸ್ನಾನದ ಮನೆಯಿರುವ ಒಂದು ಕೋಣೆಯಾದೀತೇ ಹೊರತು ಬಾಡಿಗೆಗೆ ಕೊಡುವಂಥ ಎರಡು ಕೋಣೆಯ ಮನೆಯಾಗುವುದಿಲ್ಲ. ನೆಲಮಹಡಿಯಲ್ಲಿ ಕಾರು ನಿಲ್ಲಿಸಲು ಬಿಟ್ಟ ಜಾಗ ಈ ಲೆಕ್ಕಕ್ಕೆ ಸೇರದು, ಆದ್ದರಿಂದ ಅದಿದ್ದರೆ ಅಷ್ಟು ಚದರ ಅಡಿ ಮೇಲೆ ಹೆಚ್ಚಿಗೆ ಸಿಗುತ್ತದೆ. ಹಳಬರು ಸೆಟ್‌ಬ್ಯಾಕ್, ಅಂದರೆ ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ, ಬಿಡದೆ ಕಾಂಪೌಂಡಿನವರೆಗೂ ಕಟ್ಟಿದ್ದರೆ, ಬಹುಶಃ ಉಳಿದದ್ದು ಏನೂ ಇರುವುದಿಲ್ಲ. ಟೆರೇಸಿನ ಮೇಲೆ ಗೋಡೆಯೆಬ್ಬಿಸಿ ಶೀಟು ಹೊದಿಸಿದರೆ ಅದು ಲೆಕ್ಕಕ್ಕಿಲ್ಲ ಎಂಬ ಮಾತನ್ನೂ ನೀವು ಕೇಳುವಿರಿ. ಜನ ವಾಸಿಸುವ ಕೋಣೆ ಛಾವಣಿ ಯಾವುದಾದರೂ ಕೋಣೆಯೇ.

ಈ ಲೆಕ್ಕ ಮಾಡಲು ಬೇಕಾದದ್ದು ಮನೆಯ ಮೂಲ ಮಂಜೂರಾದ ನಕ್ಷೆ. ಕ್ರಯಪತ್ರ ಮತ್ತು ಖಾತೆಯ ಕಾಗದಗಳ ಜೊತೆ ಅದು ಇದ್ದರೆ ಅರ್ಧ ಕೆಲಸ ಮುಗಿದಂತೆ. ಮನೆಯ ಸಾಲಕ್ಕಾಗಿ ಹಿಂದೆ ಬ್ಯಾಂಕಿಗೆ ಕೊಟ್ಟ ಕಡತದಲ್ಲಿಯೂ ಹುಡುಕಿಸಿರಿ. ಲೆಕ್ಕದಲ್ಲಿ ಜಾಗ ಉಳಿದಿದ್ದು, ಆಸ್ತಿ ಎ ಖಾತೆಯಲ್ಲಿದ್ದರೆ, ನೋಂದಾಯಿತ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಮೂಲಕ ಹೆಚ್ಚುವರಿ ನಿರ್ಮಾಣಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಬಿಬಿಎಂಪಿ 2024ರಲ್ಲಿ ಆರಂಭಿಸಿದ 'ನಂಬಿಕೆ ನಕ್ಷೆ' ವ್ಯವಸ್ಥೆ 50×80 ಅಡಿವರೆಗಿನ ವಸತಿ ನಿವೇಶನಗಳಿಗೆ ಅನ್ವಯಿಸುತ್ತದೆ. ಅದರಲ್ಲಿ ನಕ್ಷೆ ನಿಯಮಕ್ಕೆ ಸರಿಯಾಗಿದೆ ಎಂದು ಪ್ರಮಾಣೀಕರಿಸುವ ಹೊಣೆ ನಿಮ್ಮ ವೃತ್ತಿಪರರದ್ದು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಬೀದಿ ಈಗ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಅರ್ಜಿಗೆ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

'ಮೊದಲು ಕಟ್ಟಿಬಿಡಿ, ಆಮೇಲೆ ಸಕ್ರಮವಾಗುತ್ತದೆ' ಎಂದು ಹೇಳುವವರು ನಮ್ಮ ಊರಿನಲ್ಲಿ ಧಾರಾಳವಾಗಿದ್ದಾರೆ. ವಸತಿ ಕಟ್ಟಡಗಳಲ್ಲಿ ಶೇ 50ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿಯೇ ತಡೆ ನೀಡಿತು. ಅದನ್ನು ನಂಬಿ ಕಟ್ಟಿದವರು ವರ್ಷಗಟ್ಟಲೆ ಕಾಯುವಂತಾಯಿತು. ಅದೇ ನ್ಯಾಯಾಲಯ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಕಟ್ಟಡ ಮಂಜೂರಾದ ನಕ್ಷೆಯಂತೆ ಮುಗಿದು ವಾಸಕ್ಕೆ ಯೋಗ್ಯವಾಗಿದೆ ಎಂದು ಪಾಲಿಕೆ ಕೊಡುವ ಸ್ವಾಧೀನ ಪ್ರಮಾಣಪತ್ರ (ಒಸಿ) ನೋಡಿದ ಮೇಲೆಯೇ ವಿದ್ಯುತ್ ಮತ್ತು ನೀರಿನ ಸಂಪರ್ಕ ಕೊಡಬೇಕು, ಬ್ಯಾಂಕುಗಳು ಸಾಲ ಮಂಜೂರು ಮಾಡಬೇಕು ಎಂದು ಹೇಳಿತು. ಬಾಡಿಗೆ ಮನೆಗೆ ಪ್ರತ್ಯೇಕ ಮೀಟರ್ ಬೇಕೆಂದಿರುವ ನಿಮಗೆ ಇದು ನೇರವಾಗಿ ಸಂಬಂಧಿಸಿದ್ದು. ರಾಜ್ಯ ಸರ್ಕಾರ 2025ರ ಅಕ್ಟೋಬರ್‌ನಲ್ಲಿ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ವಸತಿ ಕಟ್ಟಡಗಳಿಗೆ ಸ್ವಾಧೀನ ಪತ್ರದಿಂದ ವಿನಾಯಿತಿ ಘೋಷಿಸಿತು. ನೆಲಮಹಡಿಯ ಮೇಲೆ ಎರಡು ಮಹಡಿಯವರೆಗಿನ ಕಟ್ಟಡಗಳು ಅದರೊಳಗೆ ಬರುತ್ತವೆ. ಆದರೆ ಆ ಪತ್ರ ಬೇಡವೆಂದ ಮಾತ್ರಕ್ಕೆ ನಕ್ಷೆಯ ಮಂಜೂರಾತಿ ಬೇಡವೆಂದಾಗಲಿ, 2,100 ಚದರ ಅಡಿಯ ಮಿತಿ ಹೋಯಿತೆಂದಾಗಲಿ ಅರ್ಥವಲ್ಲ. ಹೆಚ್ಚುವರಿ ಮಹಡಿಗೆ ಆಸ್ತಿ ತೆರಿಗೆ ಕಟ್ಟಿದರೂ ಅನಧಿಕೃತ ನಿರ್ಮಾಣ ಅಧಿಕೃತವಾಗುವುದಿಲ್ಲ. ತೆರಿಗೆಯ ರಸೀದಿ ತೆರಿಗೆಗೆ ಮಾತ್ರ ಸಾಕ್ಷಿ.

ಉಳಿದವು ಸಣ್ಣ ವಿಷಯಗಳು. ಮನೆಯ ಮುಂದಿನ ರಸ್ತೆಯ ಮರದ ಕೊಂಬೆ ಹೊಸ ಮಹಡಿಗೆ ಅಡ್ಡ ಬಂದರೆ, ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆ 1976ರ ಅಡಿಯ ವೃಕ್ಷಾಧಿಕಾರಿಯನ್ನು ಕೇಳದೆ ಕೊಡಲಿ ಹಾಕಿಸಬೇಡಿ. ಒಡೆದ ಗೋಡೆಯ ಅವಶೇಷವನ್ನು ರಾಜಕಾಲುವೆಗೆ ಅಥವಾ ಖಾಲಿ ನಿವೇಶನಕ್ಕೆ ಸುರಿಯುವುದಿಲ್ಲ ಎಂದು ಮೇಸ್ತ್ರಿಯಿಂದ ಬರೆಸಿಕೊಳ್ಳಿ, ಏಕೆಂದರೆ ದಂಡದ ನೋಟಿಸು ಬರುವುದು ನಿಮ್ಮ ವಿಳಾಸಕ್ಕೆ. 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು ಜಲಮಂಡಳಿ 2009ರಿಂದ ಕಡ್ಡಾಯ ಮಾಡಿದೆ. ಟೆರೇಸಿನ ಪೈಪುಗಳನ್ನು ಹೇಗೂ ಬದಲಿಸುವಿರಾದ್ದರಿಂದ ಅದರ ವ್ಯವಸ್ಥೆಯನ್ನೂ ಈಗಲೇ ನಕ್ಷೆಯಲ್ಲಿ ಸೇರಿಸಿರಿ.

ಟೈಲ್ಸ್ ಕೆಲಸವನ್ನು ನೀವು ನಾಳೆಯೇ ಆರಂಭಿಸಬಹುದು. ಮಹಡಿಯ ಮುಂಗಡವನ್ನು ಮಾತ್ರ, ಮೂಲ ನಕ್ಷೆ ಸಿಕ್ಕಿ, ಎಂಜಿನಿಯರ್ ಪಾಯ ನೋಡಿ, ಉಳಿದ ಚದರ ಅಡಿ ಎಷ್ಟೆಂದು ಕಾಗದದ ಮೇಲೆ ತಿಳಿಯುವವರೆಗೆ ಮೇಸ್ತ್ರಿಯ ಕೈಗೆ ಕೊಡಬೇಡಿ.