ಟೈಕಾನ್, ಇ-ಟ್ರಾನ್ ಜಿಟಿ, ಪ್ಲ್ಯಾಡ್: ಓಡಿಸುವವನಿಗೆ ವ್ಯತ್ಯಾಸ ಎಲ್ಲಿ ತಿಳಿಯುತ್ತದೆ?

ಕೆಲಸದ ನಿಮಿತ್ತ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬರಲಿರುವ ನೀವು ಪೋರ್ಶೆ ಟೈಕಾನ್, ಆಡಿ ಇ-ಟ್ರಾನ್ ಜಿಟಿ ಮತ್ತು ಟೆಸ್ಲಾ ಮಾಡೆಲ್ ಎಸ್ ಪ್ಲ್ಯಾಡ್ ಈ ಮೂರರಲ್ಲಿ ಒಂದನ್ನು ಸೆಕೆಂಡ್‌ಹ್ಯಾಂಡ್ ಕೊಳ್ಳುವ ಯೋಚನೆಯಲ್ಲಿದ್ದೀರಿ. ಮೂರೂ ವಿದ್ಯುತ್ ಕಾರುಗಳೇ, ಮೂರೂ ವಿಪರೀತ ವೇಗದವೇ ಆಗಿರುವಾಗ ಓಡಿಸುವವನಿಗೆ ನಿಜಕ್ಕೂ ಏನಾದರೂ ವ್ಯತ್ಯಾಸ ತಿಳಿಯುತ್ತದೆಯೇ ಎಂದು ಕೇಳಿದ್ದೀರಿ. ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಎಲ್ಲರೂ ಅದನ್ನು ಎಕ್ಸಲರೇಟರ್ ಪೆಡಲ್‌ನಲ್ಲಿ ಹುಡುಕುತ್ತಾರೆ, ಅದು ಸಿಗುವುದು ಬ್ರೇಕ್ ಪೆಡಲ್‌ನಲ್ಲಿ. ನಾನು ಇದೇ ಊರಿನ ಆಸುಪಾಸಿನಲ್ಲಿ ಬ್ರೇಕ್ ನಿಯಂತ್ರಣ ವ್ಯವಸ್ಥೆಗಳ ಮೇಲೆ ಕೆಲಸ ಮಾಡುವವನಾದ್ದರಿಂದ ನನ್ನ ಅಭಿಪ್ರಾಯ ಸ್ವಲ್ಪ ಆ ಕಡೆಗೇ ವಾಲುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದುಕೊಂಡು ಮುಂದೆ ಓದಿ.

ಮೊದಲು ವೇಗದ ಮಾತನ್ನು ಮುಗಿಸಿಬಿಡೋಣ. ಪ್ಲ್ಯಾಡ್‌ಗೆ ಮೂರು ಮೋಟಾರುಗಳು, 1020 ಅಶ್ವಶಕ್ತಿ. ಗಂಟೆಗೆ 60 ಮೈಲಿ ಮುಟ್ಟಲು 1.99 ಸೆಕೆಂಡು ಎಂಬ ಪ್ರಸಿದ್ಧ ಅಂಕಿಯಲ್ಲಿ ಕಾರು ಕದಲಿದ ಮೊದಲ ಒಂದು ಅಡಿಯ ಸಮಯವನ್ನು ಸೇರಿಸಿಲ್ಲ, ನೇರ ರಸ್ತೆಯಲ್ಲಿ ನಿಂತಲ್ಲಿಂದ ನುಗ್ಗುವ ಅಮೆರಿಕದ ಡ್ರ್ಯಾಗ್ ರೇಸಿನ ಪದ್ಧತಿ ಹಾಗೆ. 2019ರಲ್ಲಿ ಬಂದ ಟೈಕಾನ್ ಟರ್ಬೊ ಎಸ್ 100 ಕಿ.ಮೀ. ವೇಗಕ್ಕೆ ಏರಲು 2.8 ಸೆಕೆಂಡು ತೆಗೆದುಕೊಳ್ಳುತ್ತದೆ, 2021ರ ಆರ್‌ಎಸ್ ಇ-ಟ್ರಾನ್ ಜಿಟಿ 3.3 ಸೆಕೆಂಡು. ಕಾಗದದ ಮೇಲೆ ಇವು ದೊಡ್ಡ ಅಂತರಗಳೇ ಇರಬಹುದು, ಆದರೆ ಮೂರರಲ್ಲಿ ಯಾವುದರಲ್ಲಿ ಕುಳಿತರೂ ತಲೆ ಹಿಂದಕ್ಕೆ ಅಂಟಿಕೊಳ್ಳುತ್ತದೆ, ಪಕ್ಕದಲ್ಲಿ ಕುಳಿತವರು ಒಂದು ಸಲ ನಗುತ್ತಾರೆ, ಎರಡನೆಯ ಸಲ ಸಾಕು ಎನ್ನುತ್ತಾರೆ. ಓಡಿಸುವವನಿಗೆ ಹೆಚ್ಚು ಉಪಯೋಗಕ್ಕೆ ಬರುವ ಸಂಗತಿ ಬೇರೆ: ಆ ಶಕ್ತಿ ಎಷ್ಟು ಸಲ, ಯಾವ ವೇಗದಲ್ಲಿ ಕೈಗೆ ಸಿಗುತ್ತದೆ ಎಂಬುದು. ಟೈಕಾನ್ ಬಿಡುಗಡೆಗೆ ಮುನ್ನ ಪೋರ್ಶೆಯವರು ನಿಂತಲ್ಲಿಂದ 200 ಕಿ.ಮೀ. ವೇಗದವರೆಗೆ ಒಂದರ ಹಿಂದೊಂದರಂತೆ 26 ಬಾರಿ ಓಡಿಸಿ ತೋರಿಸಿದರು. ಅತಿ ವೇಗದ ಓಟಕ್ಕೂ ಅತಿ ನಿಧಾನದ ಓಟಕ್ಕೂ ಇದ್ದ ಅಂತರ 0.8 ಸೆಕೆಂಡು ಮಾತ್ರ. ಪ್ಲ್ಯಾಡ್‌ನಲ್ಲಿ ಅದರ ಪೂರ್ತಿ ಆರ್ಭಟ ಬೇಕಿದ್ದರೆ ಡ್ರ್ಯಾಗ್ ಸ್ಟ್ರಿಪ್ ಮೋಡ್ ಒತ್ತಿ, ಬ್ಯಾಟರಿ ಹದಕ್ಕೆ ಬರುವವರೆಗೆ ಕಾಯಬೇಕು. ಟೈಕಾನ್ ಮತ್ತು ಇ-ಟ್ರಾನ್ ಜಿಟಿಗಳ ಹಿಂದಿನ ಆಕ್ಸಲ್‌ನಲ್ಲಿ ಎರಡು ಗೇರುಗಳಿವೆ. ಸ್ಪೋರ್ಟ್ ಮೋಡ್‌ನಲ್ಲಿ ಮೊದಲ ಗೇರಿನಿಂದ ಎರಡನೆಯದಕ್ಕೆ ಬದಲಾಗುವಾಗ ಬೆನ್ನಿಗೆ ಒಂದು ಸಣ್ಣ ತಳ್ಳು ಸಿಗುತ್ತದೆ, ಎ81 ಆಟೋಬಾನ್‌ನಲ್ಲಿ (ಹೆದ್ದಾರಿಯಲ್ಲಿ) 150ರಿಂದ ಮೇಲಕ್ಕೆ ಹೋಗುವಾಗಲೂ ಮೋಟಾರು ಏದುಸಿರು ಬಿಡುವುದಿಲ್ಲ. ಪ್ಲ್ಯಾಡ್‌ಗೆ ಒಂದೇ ಗೇರು. ಅದರ ರೋಟರುಗಳಿಗೆ, ಅಂದರೆ ಮೋಟಾರಿನೊಳಗೆ ತಿರುಗುವ ಭಾಗಗಳಿಗೆ, ಕಾರ್ಬನ್ ನಾರಿನ ಕವಚ ಸುತ್ತಿ, ಅತಿ ಹೆಚ್ಚಿನ ಸುತ್ತಿನಲ್ಲೂ ಸಿಡಿಯದಂತೆ ಕಟ್ಟಿರುವುದರಿಂದ ಅಲ್ಲಿಯೂ ಶಕ್ತಿ ಕುಗ್ಗುವುದಿಲ್ಲ. ಎರಡು ದಾರಿ, ಫಲ ಹೆಚ್ಚುಕಡಿಮೆ ಒಂದೇ.

ಈಗ ಬ್ರೇಕ್. ವಿದ್ಯುತ್ ಕಾರಿನಲ್ಲಿ ವೇಗ ತಗ್ಗಿಸಲು ಎರಡು ಸಾಧನಗಳಿವೆ: ಜನರೇಟರ್ ಆಗಿ ತಿರುಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವ ಮೋಟಾರು, ಮತ್ತು ಹಳೆಯ ಕಾಲದಿಂದ ಬಂದ ಡಿಸ್ಕ್ ಹಾಗೂ ಪ್ಯಾಡು. ಟೆಸ್ಲಾದ ನಿರ್ಧಾರ ನೇರವಾದದ್ದು. ಎಕ್ಸಲರೇಟರ್‌ನಿಂದ ಕಾಲು ಎತ್ತಿದರೆ ಮೋಟಾರು ಕಾರನ್ನು ಜೋರಾಗಿ ಹಿಡಿಯುತ್ತದೆ, ಬ್ರೇಕ್ ಪೆಡಲ್ ಒತ್ತಿದರೆ ಕೆಲಸ ಮಾಡುವುದು ಡಿಸ್ಕ್ ಮಾತ್ರ. ಪೋರ್ಶೆಯವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು: ಕಾಲು ಎತ್ತಿದರೆ ಕಾರು ಬಹುಮಟ್ಟಿಗೆ ತನ್ನಷ್ಟಕ್ಕೆ ತೇಲುತ್ತ ಹೋಗುತ್ತದೆ, ಬ್ರೇಕ್ ಒತ್ತಿದಾಗಲೇ ಮೋಟಾರು ಜನರೇಟರ್ ಆಗುತ್ತದೆ, ಅದರಿಂದ ಸಾಲದಾದಾಗ ಮಾತ್ರ ಡಿಸ್ಕ್ ಬಂದು ಸೇರಿಕೊಳ್ಳುತ್ತದೆ. ಮೊದಲ ತಲೆಮಾರಿನ ಟೈಕಾನ್‌ನಲ್ಲಿ ಮೋಟಾರುಗಳು 265 ಕಿಲೋವ್ಯಾಟ್‌ವರೆಗೆ ಹೀಗೆ ಮರಳಿಸಬಲ್ಲವು, 2024ರ ಪರಿಷ್ಕೃತ ಕಾರಿನಲ್ಲಿ 400 ಕಿಲೋವ್ಯಾಟ್‌ವರೆಗೆ. ದಿನನಿತ್ಯದ ಬ್ರೇಕಿಂಗ್‌ನಲ್ಲಿ ಸುಮಾರು ಶೇಕಡಾ 90ರಷ್ಟು ಡಿಸ್ಕಿನ ನೆರವಿಲ್ಲದೆ ನಡೆದುಹೋಗುತ್ತದೆ ಎಂಬುದು ಕಂಪನಿಯ ಲೆಕ್ಕ.

ಇದು ತಾಂತ್ರಿಕ ವಿವರದಂತೆ ಕಂಡರೂ ರಸ್ತೆಯ ಮೇಲೆ ಇದೇ ಕಾರಿನ ಸ್ವಭಾವವಾಗಿಬಿಡುತ್ತದೆ. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಷ್ಟಾಟ್‌ಗೆ ಹೋಗುವ ಬಿ500 ಎಂಬ ಬ್ಲ್ಯಾಕ್ ಫಾರೆಸ್ಟಿನ ಘಟ್ಟದ ರಸ್ತೆಯಲ್ಲಿ, ಸುಮಾರು ಸಾವಿರ ಮೀಟರ್ ಎತ್ತರದಲ್ಲಿರುವ ಮುಮ್ಮೆಲ್‌ಸೀ ಕೆರೆಯ ಕಡೆಯಿಂದ ಕೆಳಗಿಳಿಯುವಾಗ, ಮಳೆ ಬಂದು ಎಲೆ ಉದುರಿದ ತಿರುವಿಗೆ ಬ್ರೇಕ್ ಹಿಡಿದುಕೊಂಡೇ ಒಳನುಗ್ಗಿ, ಸ್ಟಿಯರಿಂಗ್ ತಿರುಗಿಸುತ್ತ ಪೆಡಲ್ ಮೇಲಿನ ಒತ್ತಡವನ್ನು ಸ್ವಲ್ಪಸ್ವಲ್ಪವಾಗಿ ಸಡಿಲಿಸುವುದನ್ನು ಕಲ್ಪಿಸಿಕೊಳ್ಳಿ. ಟೈಕಾನ್‌ನಲ್ಲಿ ಪವರ್ ಮೀಟರಿನ ಪಟ್ಟಿ ಹಸಿರಿನಲ್ಲಿ ತುಂಬಿ ನಿಧಾನವಾಗಿ ಇಳಿಯುತ್ತದೆ. ಮೋಟಾರು ಎಲ್ಲಿ ಬಿಟ್ಟಿತು, ಡಿಸ್ಕ್ ಎಲ್ಲಿ ಹಿಡಿಯಿತು ಎಂಬುದು ನನ್ನ ಕಾಲಿಗೆ ತಿಳಿಯುವುದಿಲ್ಲ. ಇದನ್ನೇ ವೃತ್ತಿಯಾಗಿ ಹುಡುಕುವವನಿಗೂ ತಿಳಿಯದಂತೆ ಅದನ್ನು ಹೊಂದಿಸಿದ್ದಾರೆ ಎಂಬುದು, ನನ್ನ ಮಟ್ಟಿಗೆ, ಈ ಕಾರಿನ ಅತಿ ದೊಡ್ಡ ಸಾಧನೆ. ಮುಂಭಾಗದ ಭಾರವನ್ನು ಬಲಗಾಲಿನಿಂದಲೇ ತೂಗಿ ಇಡಬಹುದು. ಅದೇ ತಿರುವಿನಲ್ಲಿ ಪ್ಲ್ಯಾಡ್ ಇನ್ನೊಂದು ಬಗೆಯ ಅಭ್ಯಾಸ ಕೇಳುತ್ತದೆ: ವೇಗ ತಗ್ಗಿಸುವುದು ಎಕ್ಸಲರೇಟರ್ ಬಿಡುವ ಕ್ರಮದಿಂದ, ಬ್ರೇಕ್ ಪೆಡಲ್ ಕೊನೆಯ ಆಸರೆಗೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಂತಹ ಟ್ರಾಫಿಕ್ಕಿನಲ್ಲಿ ಇದರಷ್ಟು ಹಿತವಾದದ್ದು ಇನ್ನೊಂದಿಲ್ಲ. ಆದರೆ ಬ್ಯಾಟರಿ ತುಂಬಿದ್ದಾಗ ಅಥವಾ ಜನವರಿಯ ಚಳಿಯಲ್ಲಿ ತಣ್ಣಗಿದ್ದಾಗ ಅದು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆ. ಆಗ ಕಾಲು ಎತ್ತಿದಾಗಿನ ಹಿಡಿತ ನಿನ್ನೆ ಇದ್ದಂತೆ ಇವತ್ತು ಇರುವುದಿಲ್ಲ. ಆ ಕೊರತೆಯನ್ನು ಡಿಸ್ಕಿನಿಂದ ತಾನಾಗಿ ತುಂಬಿಸುವ ಆಯ್ಕೆಯನ್ನು ಟೆಸ್ಲಾ ಆಮೇಲೆ ಸಾಫ್ಟ್‌ವೇರ್ ಮೂಲಕ ಕೊಟ್ಟಿದೆ, ಕೊಂಡ ಮೇಲೆ ಅದನ್ನು ಆನ್ ಮಾಡಿಕೊಳ್ಳಿ. ಪೋರ್ಶೆಯಲ್ಲಿ ಹಂಚಿಕೆಯ ಲೆಕ್ಕವೆಲ್ಲ ಪೆಡಲ್‌ನ ಹಿಂದೆಯೇ ನಡೆಯುವುದರಿಂದ ಚಳಿಯಾದರೂ ಬಿಸಿಲಾದರೂ ಒತ್ತಿದಷ್ಟು ನಿಲ್ಲುತ್ತದೆ.

ಇ-ಟ್ರಾನ್ ಜಿಟಿ ಟೈಕಾನ್‌ನ ಒಡಹುಟ್ಟು. ಜೆ1 ಎಂಬ ಅದೇ ತಳಹದಿ, ಅದೇ 800 ವೋಲ್ಟ್ ವ್ಯವಸ್ಥೆ, 2024ಕ್ಕೆ ಮುಂಚಿನ ಕಾರುಗಳಲ್ಲಿ ಅದೇ 93.4 ಕಿಲೋವ್ಯಾಟ್ ಅವರ್ ಬ್ಯಾಟರಿ, ಹಿಂದೆ ಕುಳಿತವರ ಪಾದಗಳಿಗಾಗಿ ಆ ಬ್ಯಾಟರಿಯಲ್ಲಿ ಬಿಟ್ಟ ಅವೇ ಗುಳಿಗಳು. ಟೈಕಾನ್ ಸ್ಟುಟ್‌ಗಾರ್ಟಿನ ತ್ಸುಫೆನ್‌ಹೌಸೆನ್‌ನಲ್ಲಿ ತಯಾರಾದರೆ ಇದು ಸ್ವಲ್ಪ ಉತ್ತರಕ್ಕೆ ನೆಕಾರ್ಸುಲ್ಮ್‌ನಲ್ಲಿ. ಇಷ್ಟೆಲ್ಲ ಒಂದೇ ಆದರೂ ಓಡಿಸಿದರೆ ಒಂದೇ ಅನಿಸುವುದಿಲ್ಲ. ಆಡಿಯ ಸ್ಟಿಯರಿಂಗ್ ಮಧ್ಯದಲ್ಲಿ ಇನ್ನಷ್ಟು ಶಾಂತ, ಏರ್ ಸಸ್ಪೆನ್ಷನ್ ಉದ್ದನೆಯ ಏರಿಳಿತಗಳನ್ನು ಹೀರಿಕೊಳ್ಳುವ ರೀತಿ ಇನ್ನಷ್ಟು ಮೆದು. ಮ್ಯೂನಿಕ್‌ಗೆ ಹೋಗಿ ಅದೇ ದಿನ ಹಿಂದಿರುಗಬೇಕಾದರೆ ನಾನು ಕೀಲಿ ಕೇಳುವುದು ಇದರದ್ದೇ. ಟೈಕಾನ್ ರಸ್ತೆಯ ಒರಟನ್ನು ಸ್ವಲ್ಪ ಹೆಚ್ಚಾಗಿಯೇ ಬೆರಳುಗಳಿಗೆ ತಲುಪಿಸುತ್ತದೆ ಮತ್ತು ತಿರುವಿಗೆ ಮೂಗು ತೂರಿಸುವಾಗ ಎರಡೂಕಾಲು ಟನ್ನಿಗೂ ಮಿಕ್ಕಿದ ತನ್ನ ತೂಕವನ್ನು ಮರೆಮಾಚುತ್ತದೆ. ಮರೆಮಾಚುತ್ತದೆ ಅಷ್ಟೇ, ಕಳೆದುಕೊಳ್ಳುವುದಿಲ್ಲ. ಇಳಿಜಾರಿನಲ್ಲಿ ವೇಗ ತಪ್ಪಾಗಿ ಅಂದಾಜಿಸಿದವರಿಗೆ ಆ ಟನ್ನುಗಳು ಒಟ್ಟಿಗೇ ನೆನಪಾಗುತ್ತವೆ.

ಪ್ಲ್ಯಾಡ್‌ನ ಹಿಂದಿನ ಎರಡು ಚಕ್ರಗಳಿಗೆ ಪ್ರತ್ಯೇಕ ಮೋಟಾರುಗಳಿರುವುದರಿಂದ ತಿರುವಿನಿಂದ ಹೊರಬರುವಾಗ ಹೊರಗಿನ ಚಕ್ರವನ್ನು ಹೆಚ್ಚು ತಳ್ಳಿ ಕಾರನ್ನು ತಿರುಗಿಸಲು ಸಾಧ್ಯ, ಮತ್ತು ಅದು ಕೆಲಸ ಮಾಡುವಾಗ ಬೆರಗು ಹುಟ್ಟುವುದು ನಿಜ. ಆದರೆ ಆ ಶಕ್ತಿಗೆ ತಕ್ಕ ಮಾತುಕತೆ ಸ್ಟಿಯರಿಂಗ್‌ನಲ್ಲಿ ಇಲ್ಲ. ಮೊದಲು ಬಂದ ಕಾರುಗಳಲ್ಲಿ ಮೇಲ್ಭಾಗ ಕತ್ತರಿಸಿದ ಯೋಕ್ ಸ್ಟಿಯರಿಂಗ್ ಇತ್ತು, ಇಂಡಿಕೇಟರ್ ಸಹ ಅದರ ಮೇಲಿನ ಗುಂಡಿಯೇ. ಇಲ್ಲಿನ ವೃತ್ತಗಳಲ್ಲಿ ಸುತ್ತುತ್ತ ಬಲಕ್ಕೆ ಇಂಡಿಕೇಟರ್ ಹಾಕಿ ಹೊರಬೀಳಬೇಕಾದಾಗ ಆ ಗುಂಡಿ ಎಲ್ಲೋ ತಲೆಕೆಳಗಾಗಿರುತ್ತದೆ. ದುಂಡಗಿನ ಸ್ಟಿಯರಿಂಗ್ ಇರುವ ಕಾರನ್ನೇ ಹುಡುಕಿ.

ನ್ಯೂರ್ಬುರ್ಗ್‌ರಿಂಗ್ ಎಂಬ ಜರ್ಮನಿಯ ರೇಸ್ ಟ್ರ್ಯಾಕಿನ ಒಂದು ಸುತ್ತಿನ ಸಮಯಗಳನ್ನು ನಿಮಗೆ ಯಾರಾದರೂ ತೋರಿಸಿಯೇ ತೋರಿಸುತ್ತಾರೆ: 2022ರಲ್ಲಿ ಟೈಕಾನ್ ಟರ್ಬೊ ಎಸ್ 7 ನಿಮಿಷ 33 ಸೆಕೆಂಡು, 2023ರಲ್ಲಿ ಟ್ರ್ಯಾಕ್ ಪ್ಯಾಕೇಜ್ ಇದ್ದ ಪ್ಲ್ಯಾಡ್ 7 ನಿಮಿಷ 25 ಸೆಕೆಂಡು, ಆಮೇಲೆ ಟೈಕಾನ್ ಟರ್ಬೊ ಜಿಟಿ 7 ನಿಮಿಷ 7 ಸೆಕೆಂಡು. ಅವುಗಳಿಂದ ನೀವು ತಿಳಿಯಬೇಕಾದದ್ದು ಒಂದೇ, ಟೆಸ್ಲಾದ ಆ ಪ್ಯಾಕೇಜಿನಲ್ಲಿ ಹೆಚ್ಚು ಬಿಸಿ ತಾಳುವ ಕಾರ್ಬನ್-ಸೆರಾಮಿಕ್ ಬ್ರೇಕುಗಳಿದ್ದವು ಎಂಬುದು. ಅವಿಲ್ಲದ ಪ್ಲ್ಯಾಡ್‌ನಲ್ಲಿ ಆಟೋಬಾನ್‌ನ ಎಡ ಲೇನ್ ಹಿಡಿದು 200ರ ಮೇಲೆ ಪದೇ ಪದೇ ಬ್ರೇಕ್ ಹಾಕುವ ಯೋಚನೆ ಇದ್ದರೆ ನಾನು ಬೇಡ ಎನ್ನುತ್ತೇನೆ.

ನನ್ನ ಆಯ್ಕೆ 2024ರ ನಂತರದ ಟೈಕಾನ್, ಅದರಲ್ಲೂ ಆಕ್ಟಿವ್ ರೈಡ್ ಸಸ್ಪೆನ್ಷನ್ ಇರುವಂಥದ್ದು. ಪ್ರತಿ ಡ್ಯಾಂಪರ್‌ಗೂ (ಶಾಕ್ ಅಬ್ಸಾರ್ಬರ್‌ಗೂ) ಒಂದು ವಿದ್ಯುತ್ ಹೈಡ್ರಾಲಿಕ್ ಪಂಪ್ ಇರುವ ಆ ವ್ಯವಸ್ಥೆ ಬ್ರೇಕ್ ಹಾಕಿದಾಗ ಮೂತಿ ಕುಸಿಯದಂತೆ ದೇಹವನ್ನು ಸಮವಾಗಿ ಹಿಡಿಯುತ್ತದೆ. ಅಷ್ಟು ಹಣ ಬೇಡವೆಂದರೆ ಹಳೆಯ ಇ-ಟ್ರಾನ್ ಜಿಟಿ. ಪರೀಕ್ಷೆಗೆ ಕಾರು ಕೊಟ್ಟಾಗ ಖಾಲಿ ರಸ್ತೆಯಲ್ಲಿ ಎಕ್ಸಲರೇಟರ್ ತುಳಿದು ನೋಡುವುದರಲ್ಲೇ ಸಮಯ ಕಳೆಯದೆ, ಇಳಿಜಾರಿನ ಒಂದು ರಸ್ತೆ ಆರಿಸಿಕೊಂಡು, ಬ್ಯಾಟರಿ ಪೂರ್ತಿ ತುಂಬಿರುವಾಗ ಒಮ್ಮೆ, ಅರ್ಧ ಇಳಿದ ಮೇಲೆ ಇನ್ನೊಮ್ಮೆ, ಅದೇ ತಿರುವಿಗೆ ಅದೇ ವೇಗದಲ್ಲಿ ಬ್ರೇಕ್ ಹಾಕಿ ನೋಡಿ.