ಒಂದು ಗಂಟೆ ಸಾಕು ಅಂದ ಮೇಲೆ ಏನಾಯ್ತು?

ಚಳ್ಳಕೆರೆಯ ಗೆಳೆಯರಿಗೆ,

ನಮಸ್ಕಾರ. ಅಕ್ಟೋಬರ್ 8ರ ವಾಯುಪಡೆ ದಿನದ ಪುಟಕ್ಕೆ ಅಂತ ನೀವು ಕಳಿಸಿದ ‘ಗಗನದ ಗಂಡುಗಲಿ ಅರ್ಜನ್ ಸಿಂಗ್’ ಬರಹವನ್ನು ಎರಡು ಸಲ ಓದಿದೆ. ಒಮ್ಮೆ ಇಲ್ಲಿ ದಾವಣಗೆರೆಯ ಆಫೀಸಿನ ಗಲಾಟೆಯಲ್ಲಿ, ಇನ್ನೊಮ್ಮೆ ರಾತ್ರಿ ಊಟ ಆದ ಮೇಲೆ ಮನೆಯಲ್ಲಿ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ನೆ ಕೂರುವಂಥ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದದ ಪತ್ರ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. 1971ರ ಯುದ್ಧದಲ್ಲೂ ಅರ್ಜನ್ ಸಿಂಗ್ ಅವರೇ ವಾಯುಪಡೆಯ ಮುಖ್ಯಸ್ಥರಾಗಿದ್ದರು ಅಂತ ಬರೆದಿದ್ದೀರಿ. ಅಲ್ಲ. ಅವರು 1969ರ ಜುಲೈನಲ್ಲೇ ನಿವೃತ್ತರಾಗಿದ್ದರು. 71ರಲ್ಲಿ ಆ ಕುರ್ಚಿಯಲ್ಲಿದ್ದವರು ಪಿ.ಸಿ. ಲಾಲ್. ಅರ್ಜನ್ ಸಿಂಗ್ ಆ ವರ್ಷ ಸ್ವಿಟ್ಜರ್ಲೆಂಡಿಗೆ ರಾಯಭಾರಿಯಾಗಿ ಹೋದರು. ಅವರ ಎರಡು ಯುದ್ಧ ಅಂದರೆ 1944ರ ಬರ್ಮಾ ಗಡಿಯ ಯುದ್ಧ ಮತ್ತು 1965ರದ್ದು. ಇನ್ನು ‘ಫೀಲ್ಡ್ ಮಾರ್ಷಲ್’ ಅನ್ನೋದು ಭೂಸೇನೆಯ ಪದವಿ. 2002ರಲ್ಲಿ ಇವರಿಗೆ ಕೊಟ್ಟಿದ್ದು ‘ಮಾರ್ಷಲ್ ಆಫ್ ದಿ ಏರ್ ಫೋರ್ಸ್’. ನಮ್ಮ ವಾಯುಪಡೆಯಲ್ಲಿ ಅದು ಸಿಕ್ಕಿದ್ದು ಅವರೊಬ್ಬರಿಗೇ.

ಇಂಥವನ್ನು ನಮ್ಮ ಡೆಸ್ಕಿನಲ್ಲೇ ತಿದ್ದಿಕೊಳ್ಳಬಹುದು. ನನ್ನ ತಕರಾರು ಬೇರೆ.

ಬರಹ ಶುರುವಾಗುವುದು ಮದಕರಿ ನಾಯಕರಿಂದ. ಆಮೇಲೆ ಏಳು ಸುತ್ತಿನ ಕೋಟೆ, ಒನಕೆ ಓಬವ್ವ, ‘ಇಂಥ ವೀರಭೂಮಿಯಿಂದ ಬರೆಯುತ್ತಿದ್ದೇನೆ’ ಅನ್ನೋ ಮಾತು. ಮೂರು ಪ್ಯಾರಾ ದಾಟಿದ ಮೇಲೆ 1919ರಲ್ಲಿ ಲಯಾಲ್‌ಪುರದಲ್ಲಿ ಒಂದು ಮಗು ಹುಟ್ಟುತ್ತದೆ. ಅಷ್ಟು ಹೊತ್ತಿಗೆ ಓದುಗ ಪುಟ ತಿರುಗಿಸಿ ಆಗಿರುತ್ತದೆ.

ಓಬವ್ವನ ಹೆಸರು ನೀವೇ ಎತ್ತಿದಿರಿ, ಅದಕ್ಕೆ ಕೇಳುತ್ತೇನೆ. ಆ ಕಥೆ ಚಿಕ್ಕಂದಿನಿಂದ ನಮ್ಮ ತಲೆಯಲ್ಲಿ ಯಾಕೆ ಉಳಿದಿದೆ? ಗಂಡ ಊಟಕ್ಕೆ ಕೂತಿದ್ದ. ನೀರು ತರಲು ಹೋದಳು. ಕಿಂಡಿಯಲ್ಲಿ ಒಬ್ಬನ ತಲೆ ಕಂಡಿತು. ಕೈಗೆ ಸಿಕ್ಕಿದ್ದು ಒನಕೆ. ಅಷ್ಟೇ. ಅಲ್ಲಿ ‘ಅಪ್ರತಿಮ’ ಇಲ್ಲ, ‘ಅದ್ವಿತೀಯ’ ಇಲ್ಲ. ನಿಮ್ಮ ಬರಹದಲ್ಲಿ ‘ಅಪ್ರತಿಮ’ ಏಳು ಸಲ ಬಂದಿದೆ, ಪೆನ್ಸಿಲ್ ಹಿಡಿದು ಎಣಿಸಿದೆ. ಆದರೆ ಒಂದು ಕಿಂಡಿ ಇಲ್ಲ, ಒಂದು ಒನಕೆ ಇಲ್ಲ.

ಈ ಮನುಷ್ಯನ ಬದುಕಿನಲ್ಲಿ ಅಂಥ ಕಿಂಡಿ ಎಲ್ಲಿದೆ ಗೊತ್ತಾ? ಎರಡು ಯುದ್ಧಗಳ ನಡುವೆ. 1944ರಲ್ಲಿ ಅವರಿಗೆ 25 ವರ್ಷ. ಇಂಫಾಲನ್ನು ಜಪಾನಿನ ಸೈನ್ಯ ಸುತ್ತುವರಿದಿತ್ತು. ಒಂದನೇ ಸ್ಕ್ವಾಡ್ರನ್‌ನ ನಾಯಕರಾಗಿ ಹರಿಕೇನ್ ವಿಮಾನ ಹತ್ತಿ ತಾವೇ ಹೋಗುತ್ತಿದ್ದರು. ಅಲ್ಲಿನ ಕೆಲಸಕ್ಕೇ ಶೌರ್ಯಕ್ಕೆ ಕೊಡುವ ಡಿಎಫ್‌ಸಿ ಪದಕ ಬಂತು, ಇಂಫಾಲದಲ್ಲೇ ಮೌಂಟ್‌ಬ್ಯಾಟನ್ ಅದನ್ನು ಎದೆಗೆ ಚುಚ್ಚಿದರು. ಹಾರಾಟದಲ್ಲಿ ಲೆಕ್ಕ ತಪ್ಪಿದರೆ ಮೊದಲು ಹೋಗುವುದು ತನ್ನದೇ ಜೀವ. 1965ರಲ್ಲಿ ಹಾಗಲ್ಲ. ಆಗ ವಯಸ್ಸು 46, ಕೂತಿರುವುದು ದೆಹಲಿಯಲ್ಲಿ. ಹೋಗುವವರು ಬೇರೆ ಹುಡುಗರು.

ಆ ವರ್ಷದ ಸೆಪ್ಟೆಂಬರ್ 1ನ್ನು ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ: ‘ಒಂದೇ ಗಂಟೆಯಲ್ಲಿ ಶತ್ರುಗಳನ್ನು ಧೂಳೀಪಟ ಮಾಡಿದರು.’ ಮುಂದಿನ ಸಾಲಿನಲ್ಲೇ ಪದ್ಮವಿಭೂಷಣ. ಇವೆರಡರ ನಡುವೆ ಇರುವುದನ್ನೇ ಅಲ್ವಾ ನೀವು ಬರೆಯಬೇಕಾಗಿದ್ದು?

ಅವತ್ತು ಬೆಳಗಿನ ಜಾವ ಪಾಕಿಸ್ತಾನದ ಟ್ಯಾಂಕುಗಳು ಜಮ್ಮುವಿನ ಛಂಬ್ ಕಡೆ ನುಗ್ಗಿದವು. ಸೇನಾ ಮುಖ್ಯಸ್ಥ ಜೆ.ಎನ್. ಚೌಧುರಿ ವಿಮಾನಗಳ ನೆರವು ಕೇಳಿದರು. ಮೂರು ವರ್ಷದ ಹಿಂದೆ ಚೀನಾ ಯುದ್ಧದಲ್ಲಿ ಬಾಂಬ್ ಹಾಕಲು ನಾವು ವಿಮಾನ ಬಳಸಿರಲೇ ಇಲ್ಲ ಅನ್ನೋದು ನೆನಪಿರಲಿ. ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಒಪ್ಪಿಗೆ ಕೊಡುವಾಗ ಸಂಜೆಯಾಗುತ್ತಿತ್ತು. ಎಷ್ಟು ಹೊತ್ತು ಬೇಕು ಅಂದಿದ್ದಕ್ಕೆ ಅರ್ಜನ್ ಸಿಂಗ್ ಒಂದು ಗಂಟೆ ಅಂದರು. ಗಂಟೆಯೊಳಗೆ ಪಠಾಣ್‌ಕೋಟ್‌ನಿಂದ ವಿಮಾನ ಎದ್ದವು.

ಎದ್ದ ವಿಮಾನ ಯಾವುದು? ಮಿಸ್ಟೇರ್ ಕೆಲವು, ವ್ಯಾಂಪೈರ್ ಕೆಲವು. ವ್ಯಾಂಪೈರ್ ಬಗ್ಗೆ ಸ್ವಲ್ಪ ಓದಿಕೊಳ್ಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ ಜೆಟ್ ಅದು. ಪೈಲಟ್ ಕೂರುವ ಮುಂಭಾಗ ಪ್ಲೈವುಡ್ಡಿನದು, ಹೌದು, ಮರದ್ದು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೂ ಅವು ತಯಾರಾಗುತ್ತಿದ್ದವು. ಎದುರಿಗೆ ಬಂದಿದ್ದು ಅದಕ್ಕಿಂತ ಎಷ್ಟೋ ಮುಂದಿದ್ದ ಪಾಕಿಸ್ತಾನದ ಸೇಬರ್ ಜೆಟ್. ಅವತ್ತು ಸಂಜೆ ಟ್ಯಾಂಕುಗಳ ಓಟಕ್ಕೆ ತಡೆ ಬಿತ್ತು, ನಿಜ. ಆದರೆ ನಾಲ್ಕು ವ್ಯಾಂಪೈರ್ ವಾಪಸ್ ಬರಲಿಲ್ಲ. ಮೂವರು ಪೈಲಟ್‌ಗಳು ಹೋದರು. ಆಮೇಲೆ ವ್ಯಾಂಪೈರ್‌ಗಳನ್ನು ಮುಂಚೂಣಿಯಿಂದ ತೆಗೆದರು. ಐದು ದಿನ ಬಿಟ್ಟು, 6ನೇ ತಾರೀಕು, ಅದೇ ಪಠಾಣ್‌ಕೋಟ್ ಮೇಲೆ ಸೇಬರ್‌ಗಳು ಬಿದ್ದು ನಿಂತಲ್ಲೇ ಸುಮಾರು ಹತ್ತು ವಿಮಾನ ಸುಟ್ಟುಹಾಕಿದವು.

ಇದೊಂದೂ ನಿಮ್ಮ ಬರಹದಲ್ಲಿ ಇಲ್ಲ. ಬರೆದರೆ ದೇಶಭಕ್ತಿಗೆ ಕುಂದು ಅಂದುಕೊಂಡಿರಾ? ನಮ್ಮ ಓದುಗರಲ್ಲಿ ಸೈನ್ಯದಿಂದ ರಿಟೈರ್ ಆಗಿ ಬಂದವರು ಜಾಸ್ತಿ ಇದ್ದಾರೆ. ನೀವು ಮುಚ್ಚಿಟ್ಟಿದ್ದನ್ನು ಅವರು ಪೋಸ್ಟ್‌ಕಾರ್ಡಿನಲ್ಲಿ ಬರೆದು ಕಳಿಸುತ್ತಾರೆ, ನನಗೆ. ತಮಾಷೆ ಇರಲಿ. ಒಂದು ಗಂಟೆ ಅಂದ ಬಾಯಿಗೆ ತನ್ನ ಬಳಿ ಇರುವ ವಿಮಾನ ಯಾವುದು ಅಂತ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಅಂದರು. ನಾನಾಗಿದ್ದರೆ ಇಡೀ ಬರಹವನ್ನು ಅಲ್ಲೇ ನಿಲ್ಲಿಸುತ್ತಿದ್ದೆ. ಪದಕಗಳ ಪಟ್ಟಿ ಅರ್ಧಕ್ಕೆ ಇಳಿಸಿ, ಆ ಸಂಜೆಗೆ ಎರಡು ಪ್ಯಾರಾ ಕೊಡಿ. ಅವರ ಮನಸ್ಸಿನೊಳಗೆ ಹೊಕ್ಕು ಮಾತ್ರ ಬರೆಯಬೇಡಿ. ‘ಅವರ ಕಣ್ಣಾಲಿಗಳು ತುಂಬಿಬಂದವು’ ಅಂತ ಹಾಕಿದರೆ ನಾನೇ ಹೊಡೆದುಹಾಕುತ್ತೇನೆ.

ಇನ್ನೊಂದು. ‘ಶಿಸ್ತಿನ ಸಿಪಾಯಿ’ ಅಂದಿದ್ದೀರಿ. 1945ರಲ್ಲಿ ಕಣ್ಣೂರಿನಲ್ಲಿ ಮನೆಗಳ ಮೇಲೆ ತೀರಾ ಕೆಳಗೆ ವಿಮಾನ ಹಾರಿಸಿದ್ದಕ್ಕೆ ಅವರು ಕೋರ್ಟ್ ಮಾರ್ಷಲ್ ಎದುರಿಸಿದರು. ಎರಡೇ ವರ್ಷಕ್ಕೆ, 1947ರ ಆಗಸ್ಟ್ 15ರಂದು, ಕೆಂಪುಕೋಟೆಯ ಮೇಲೆ ನೂರಕ್ಕೂ ಹೆಚ್ಚು ವಿಮಾನಗಳ ಸಾಲನ್ನು ಮುನ್ನಡೆಸಿದ್ದೂ ಇವರೇ. ಎರಡನ್ನೂ ಅಕ್ಕಪಕ್ಕ ಇಡಿ. ಮಧ್ಯೆ ವಿವರಣೆ ಬೇಡ.

ಈಗ ನನಗೆ ಇಷ್ಟವಾದದ್ದು. ಕೊನೇ ಪುಟದಲ್ಲಿ 2015ರ ಜುಲೈ ಬರುತ್ತದೆ. ಪಾಲಂ ವಿಮಾನ ನಿಲ್ದಾಣದಲ್ಲಿ ಅಬ್ದುಲ್ ಕಲಾಂ ಅವರ ಪಾರ್ಥಿವ ಶರೀರ. 96ರ ಮುದುಕ ಗಾಲಿಕುರ್ಚಿಯಲ್ಲಿ ಬಂದು, ಎದ್ದು ನಿಂತು, ಸೆಲ್ಯೂಟ್ ಮಾಡಿದ್ದು. ಇಲ್ಲಿ ನೀವು ಚೆನ್ನಾಗಿ ಬರೆದಿದ್ದೀರಿ, ನಾಲ್ಕೇ ಸಾಲು, ವಿಶೇಷಣ ಒಂದೂ ಇಲ್ಲ. ಇದನ್ನು ಎತ್ತಿ ಮೊದಲಿಗೆ ಹಾಕಿ. ಹಿಂದೆಯೇ ಬರುವ ‘ಇಂದಿನ ಯುವಪೀಳಿಗೆಗೆ ಇದು ಮಾದರಿ’ ಅನ್ನೋದನ್ನು ತೆಗೆಯಿರಿ.

ಬರಹದ ಜೊತೆಗಿದ್ದ ಪತ್ರದಲ್ಲಿ ಇನ್ನೊಂದು ಮಾತಿತ್ತು. ಪೈಲಟ್ ಇಲ್ಲದ ವಿಮಾನಗಳನ್ನು ಹಾರಿಸಿ ನೋಡುವ ಕುದಾಪುರದ ಡಿಆರ್‌ಡಿಒ ಪರೀಕ್ಷಾ ಕೇಂದ್ರದ ಕಡೆಯಿಂದ ಸದ್ದು ಬಂದಾಗ ನಿಮ್ಮ ತಂದೆಯವರು ಶೇಂಗಾ ಹೊಲದಲ್ಲಿ ತಲೆ ಎತ್ತಿ ನೋಡಿ, ‘ಅದ್ರೊಳಗೆ ಯಾರೂ ಇರಲ್ವಂತೆ ನೋಡು’ ಅಂದರಂತೆ. ಬರಹಕ್ಕೆ ಚಿತ್ರದುರ್ಗ ಬೇಕೇ ಬೇಕು ಅಂದರೆ ಅದು ಇಲ್ಲಿದೆ. ಮದಕರಿ ನಾಯಕರನ್ನು ಬಿಟ್ಟು ಅಪ್ಪನನ್ನು ಕರೆತನ್ನಿ. ಎಲ್ಲಿ ಕೂರಿಸಬೇಕು ಅನ್ನೋದು ನಿಮಗೇ ಹೊಳೆಯುತ್ತದೆ.

ಒಂಬೈನೂರು ಪದ ಮೀರಬೇಡಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ, ಕೈಬರಹದ ಹಾಳೆಯನ್ನು ವಾಟ್ಸಾಪ್‌ನಲ್ಲಿ ಫೋಟೊ ಹೊಡೆದು ಕಳಿಸಿದರೆ ನಮ್ಮ ಡಿಟಿಪಿಯವರು ನನ್ನನ್ನು ಬೈಯುತ್ತಾರೆ. ಸೆಪ್ಟೆಂಬರ್ ಕೊನೆಯೊಳಗೆ ಕೈ ಸೇರಿದರೆ ಜಾಗ ಇಟ್ಟಿರುತ್ತೇನೆ.

ಹಾಂ, ಮರೆತಿದ್ದೆ. ‘ಇಂಫಾಲದಲ್ಲಿ ಹರಿಕೇನ್’ ಅಂತ ಅಡಿಬರಹ ಕೊಟ್ಟು ಕಳಿಸಿದ ಚಿತ್ರದಲ್ಲಿರುವುದು ಜೆಟ್. ಹರಿಕೇನ್‌ಗೆ ಮೂತಿಯಲ್ಲಿ ಪ್ರೊಪೆಲ್ಲರ್ ಇರುತ್ತದೆ. ಬೇರೆ ಚಿತ್ರ ಹುಡುಕಿ.

ಇಂತಿ,
ಸಂಪಾದಕ